ಜಪಾನಿನ ಕ್ಲಾಸಲ್ಲಿ ಮಕ್ಕಳು ಯಾಕೆ ಬಾಯಿ ಬಿಡಲ್ಲ?

ಪ್ರಶ್ನೆ: ಜಪಾನಿನ ಒಂದು ಶಾಲೆಗೆ ಸಹಾಯಕ ಇಂಗ್ಲಿಷ್ ಟೀಚರ್ ಆಗಿ ಬಂದಿದ್ದೇನೆ. ವಯಸ್ಸು 24. ಏಳರಿಂದ ಒಂಬತ್ತನೇ ತರಗತಿಯ ಮಕ್ಕಳು. ನಾನು ಏನೇ ಕೇಳಿದರೂ ಎಲ್ಲರೂ ತಲೆ ತಗ್ಗಿಸಿ ಕೂತುಬಿಡುತ್ತಾರೆ. ನಾನು ಅವರಿಗೆ ಇಷ್ಟ ಆಗಿಲ್ವಾ?

ಉತ್ತರ: ನೀವು ಇಷ್ಟ ಆಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೊರದೇಶದವರನ್ನು ಜಪಾನಿನ ಶಾಲೆಗಳಿಗೆ ಕರೆಸಿಕೊಳ್ಳಲು 1987ರಲ್ಲಿ ಶುರುವಾದ ಸರ್ಕಾರಿ ‘ಜೆಟ್’ ಯೋಜನೆಯಲ್ಲಿ ಸಹಾಯಕ ಟೀಚರ್ ಆಗಿ ಹೋಗಲು ಡಿಗ್ರಿ ಬೇಕು, ಆದರೆ ಜಪಾನಿ ಭಾಷೆ ಬರಲೇಬೇಕೆಂದಿಲ್ಲ, ಕಲಿಸಿದ ಅನುಭವವೂ ಕಡ್ಡಾಯವಲ್ಲ. ಹಾಗಾಗಿ ಹೊಸಬರು ಈ ಮೌನಕ್ಕೆ ಬೆಚ್ಚುವುದು ಸಹಜವೇ.

ಇಡೀ ಕ್ಲಾಸಿನ ಎದುರು ತಪ್ಪು ಹೇಳುವುದು ಹದಿಮೂರರ ವಯಸ್ಸಿನಲ್ಲಿ ಯಾರಿಗೂ ಇಷ್ಟವಿಲ್ಲ. ಇಲ್ಲಿ ತೊಡಕು ಇನ್ನೂ ಒಂದಿದೆ. ಸರಿಯಾಗಿ ಹೇಳಿದರೂ ‘ದೊಡ್ಡಸ್ತಿಕೆ ತೋರಿಸ್ತಿದ್ದಾನೆ’ ಅನ್ನಿಸಿಕೊಳ್ಳುವ ಅಳುಕು. ಹೊರದೇಶದಲ್ಲಿ ಬೆಳೆದು ಬಂದ ಮಕ್ಕಳು ಬೇಕೆಂದೇ ಜಪಾನಿ ಉಚ್ಚಾರದಲ್ಲಿ ಇಂಗ್ಲಿಷ್ ಓದುವುದೂ ಉಂಟು, ಬೇರೆಯವರ ಕಣ್ಣಿಗೆ ಬೀಳಬಾರದಲ್ಲ!

ಆದ್ದರಿಂದ ‘ಯಾರಿಗೆ ಗೊತ್ತು?’ ಅಂತ ಇಡೀ ಕ್ಲಾಸಿಗೆ ಕೇಳುವುದನ್ನು ಬಿಡಿ. ಪ್ರಶ್ನೆ ಹಾಕಿ, ಪಕ್ಕದವರ ಜೊತೆ ಮಾತಾಡಿಕೊಳ್ಳಲು ಒಂದು ನಿಮಿಷ ಕೊಡಿ. ಆಮೇಲೆ ಒಂದು ಜೋಡಿಯನ್ನು ಕೇಳಿ. ಆಗ ಉತ್ತರ ಇಬ್ಬರದು, ತಪ್ಪಾದರೂ ಇಬ್ಬರದು. ಕೇಳಿದ ಮೇಲೆ ಕಾಯಿರಿ. ಐದು ಸೆಕೆಂಡಿಗೇ ಗಾಬರಿಯಾಗಿ ನೀವೇ ಉತ್ತರ ಹೇಳಿಬಿಟ್ಟರೆ, ಸುಮ್ಮನಿದ್ದರೆ ಸಾಕು ಅಂತ ಮಕ್ಕಳು ಬೇಗ ಕಲಿಯುತ್ತಾರೆ.

ಪಾಠದ ಹೊಣೆ ಜಪಾನಿ ಟೀಚರ್‌ದು, ನೀವು ಜೊತೆಗಾರರು. ಕೆಲವರು ನಿಮ್ಮನ್ನು ಟೇಪ್ ರೆಕಾರ್ಡರ್ ಥರ ಬಳಸುತ್ತಾರೆ: ಓದಿ, ನಿಲ್ಲಿಸಿ, ಮತ್ತೆ ಓದಿ. ಬೇಜಾರಾಗುತ್ತದೆ, ನಿಜ. ಆದರೆ ದೂರು ಹೇಳುವುದಕ್ಕಿಂತ ಐದು ನಿಮಿಷದ ಒಂದು ಆಟ ಬರೆದುಕೊಂಡು ಹೋಗಿ ‘ನಾಳೆ ಇದನ್ನು ಮಾಡೋಣವೇ?’ ಅಂತ ಕೇಳುವುದೇ ಜಾಸ್ತಿ ಕೆಲಸ ಮಾಡುತ್ತದೆ. ಆ ಟೀಚರ್‌ಗೆ ಪಾಠದ ಜೊತೆ ಶಾಲೆ ಮುಗಿದ ಮೇಲೆ ಮಕ್ಕಳ ಆಟೋಟದ ಕ್ಲಬ್ಬು, ಮೀಟಿಂಗು, ಮಕ್ಕಳ ಮನೆಯವರ ಫೋನು ಎಲ್ಲಾ ಇರುತ್ತದೆ. ತಯಾರಾಗಿ ಬಂದ ಐದು ನಿಮಿಷವನ್ನು ಬೇಡ ಅನ್ನುವವರು ಕಡಿಮೆ.

ಇನ್ನು ನನ್ನ ಕೇಳಿದರೆ, ಮಕ್ಕಳ ಬಾಯಿ ಬಿಡಿಸುವ ಕೆಲಸ ಅರ್ಧಕ್ಕರ್ಧ ಕ್ಲಾಸಿನ ಹೊರಗೇ ಆಗುತ್ತದೆ. ಎಷ್ಟೋ ಶಾಲೆಗಳಲ್ಲಿ ಮಧ್ಯಾಹ್ನದ ಊಟ ತರಗತಿಯಲ್ಲೇ. ಬಿಳಿ ಏಪ್ರನ್, ಟೋಪಿ ಹಾಕಿಕೊಂಡು ಮಕ್ಕಳೇ ಬಡಿಸುತ್ತಾರೆ. ಸ್ಟಾಫ್ ರೂಮಿಗೆ ತಟ್ಟೆ ಒಯ್ಯಬೇಡಿ, ಅವರ ಮಧ್ಯೆ ಕೂತು ಉಣ್ಣಿ. ಶಾಲೆಯನ್ನು ಗುಡಿಸಿ ಒರೆಸುವುದೂ ಮಕ್ಕಳೇ. ಆ ಹೊತ್ತಿಗೆ ನೀವೂ ಒಂದು ಪೊರಕೆ ಹಿಡಿಯಿರಿ. ಸಂಜೆ ಕ್ಲಬ್‌ಗೆ ಹೋಗಿ, ಟೇಬಲ್ ಟೆನಿಸ್‌ನಲ್ಲಿ ಚೆನ್ನಾಗಿ ಸೋಲಿ. ಕ್ಲಾಸಲ್ಲಿ ಕಲ್ಲಿನ ಹಾಗೆ ಕೂತಿದ್ದ ಹುಡುಗನೇ ಅಲ್ಲಿ ‘ಗುಡ್ ಶಾಟ್!’ ಅಂತ ಕೂಗುತ್ತಾನೆ.

ಸ್ಟಾಫ್ ರೂಮಿನಲ್ಲೂ ಸುಮ್ನೆ ಮೂಲೆ ಸೇರಬೇಡಿ. ಒಳಗೆ ಬರುವಾಗ ಎಲ್ಲರಿಗೂ ಕೇಳುವ ಹಾಗೆ ‘ಒಹಾಯೋ ಗೊಝೈಮಾಸು’ (ಶುಭೋದಯ) ಅನ್ನಿ, ಬೇರೆಯವರಿಗಿಂತ ಮೊದಲು ಹೊರಡುವಾಗ ‘ಒಸಾಕಿ ನಿ ಶಿತ್ಸುರೇ ಶಿಮಾಸು’ (ನಿಮಗಿಂತ ಮೊದಲು ಹೊರಡ್ತಿದ್ದೇನೆ, ಕ್ಷಮಿಸಿ) ಅನ್ನಿ. ಮೊದಲಿಗೆ ಇಷ್ಟೇ ಸಾಕು.

ಚೆನ್ನಾಗಿ ನಡೆದ ಆಟಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಜಪಾನಿನಲ್ಲಿ ಶಾಲೆಯ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ಟೀಚರುಗಳ ವರ್ಗಾವಣೆಯೂ ಆಗಲೇ. ನಿಮ್ಮ ಜೊತೆ ಹೊಂದಿಕೊಂಡವರು ಬೇರೆ ಶಾಲೆಗೆ ಹೋಗಿ, ಹೊಸಬರ ಜೊತೆ ಮೊದಲಿಂದ ಶುರು ಮಾಡಬೇಕಾಗಬಹುದು.