ಸ್ಕ್ರಿಪ್ಟ್ ಕಳಿಸಿ, ಜೊತೆಗೆ ನೀವು ಬರಬೇಡಿ

ಸ್ಕ್ರಿಪ್ಟ್ ಓದಿ ತಿದ್ದುವುದು ನನ್ನ ಕೆಲಸ, ಅದರಲ್ಲೂ ಹಾಸ್ಯದ್ದೇ ಜಾಸ್ತಿ. ಕಳಿಸಿದ ಸ್ವಲ್ಪ ಹೊತ್ತಿಗೇ ಫೋನ್ ಬರುತ್ತದೆ. "ಸರ್, ಓದೋಕ್ ಮುಂಚೆ ಒಂದ್ಸಲ ನಾನೇ ಮಾಡಿ ತೋರಿಸ್ಲಾ? ಆಗ್ಲೇ ಮಜಾ ಗೊತ್ತಾಗೋದು." ಬೇಡ. ದಯವಿಟ್ಟು ಬೇಡ. ಯಾರ ಶಿಷ್ಯರು, ಎಲ್ಲೆಲ್ಲಿ ಶೋ ಕೊಟ್ಟಿದ್ದೀರಿ ಅನ್ನುವ ಪತ್ರವೂ ಬೇಡ.

ಇಂಥವರಿಗೆಲ್ಲ ನಾನು ಇಂಗ್ಲೆಂಡಿನ ಹಾಸ್ಯನಟ ರಾನಿ ಬಾರ್ಕರ್ ಕಥೆ ಹೇಳುತ್ತೇನೆ. ಬ್ಯಾಂಕ್ ಗುಮಾಸ್ತನ ಕೆಲಸ ಬಿಟ್ಟು 1948ರಲ್ಲಿ ಐಲ್ಸ್‌ಬರಿಯ ನಾಟಕ ಕಂಪನಿ ಸೇರಿದವರು ಅವರು. 1968ರ ಹೊತ್ತಿಗೆ ಡೇವಿಡ್ ಫ್ರಾಸ್ಟ್ ಅವರ ಭಾನುವಾರದ ಟಿವಿ ಶೋನಲ್ಲಿ ರಾನಿ ಕಾರ್ಬೆಟ್ ಜೊತೆ ಮುಖ್ಯ ನಟ. ನಾನೊಂದು ಸ್ಕಿಟ್ ಬರೆದಿದ್ದೀನಿ ಅಂದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅವರಿಗೆ ಬೇಡವಾಗಿದ್ದು ಅದೇ. ಅದಕ್ಕೇ ಜೆರಾಲ್ಡ್ ವೈಲಿ ಅನ್ನುವ ಹೆಸರು ಇಟ್ಟುಕೊಂಡು ಏಜೆಂಟ್ ಕೈಲಿ ಕಳಿಸಿದರು. ಸ್ಕಿಟ್‌ಗಳು ಆಯ್ಕೆಯಾದವು, ಜನ ನಕ್ಕರು. ಯಾರಪ್ಪಾ ಈ ವೈಲಿ ಅಂತ ಎಲ್ಲರಿಗೂ ಕುತೂಹಲ. ನಾಟಕಕಾರ ಟಾಮ್ ಸ್ಟಾಪರ್ಡ್ ಇರಬೇಕು ಅಂದರು, ಹಾಸ್ಯ ಬರಹಗಾರ ಫ್ರಾಂಕ್ ಮ್ಯೂರ್ ಇರಬೇಕು ಅಂದರು.

ಡಾಕ್ಟರ ಶಾಪಿನಲ್ಲಿ ಕಾಯುತ್ತಾ ಕೂತವರ ಒಂದು ಸ್ಕಿಟ್ ಕಾರ್ಬೆಟ್‌ಗೆ ತುಂಬಾ ಹಿಡಿಸಿ, ಅದರ ಹಕ್ಕು ಕೊಳ್ಳಲು ಹೊರಟರು. ವೈಲಿ ಕಡೆಯಿಂದ 3,000 ಪೌಂಡ್ ಬೇಡಿಕೆ ಬಂತು. ಪಕ್ಕದಲ್ಲೇ ಇದ್ದ ಬಾರ್ಕರ್, ಅಷ್ಟೊಂದು ಕೊಡಬೇಡ ಅಂತ ಬುದ್ಧಿ ಹೇಳಿದರು! ಆಮೇಲೆ ವೈಲಿ ಅದನ್ನು ಪುಕ್ಕಟೆ ಕೊಟ್ಟ. ಕಾರ್ಬೆಟ್ ಋಣಕ್ಕೆಂದು ಗಾಜಿನ ಪಾನಪಾತ್ರೆಗಳನ್ನು ಕಳಿಸಿದರು. ಕೊನೆಗೆ ವೈಲಿ ಎಲ್ಲರನ್ನೂ ಸ್ಟುಡಿಯೋ ಎದುರಿನ ಚೈನೀಸ್ ಹೋಟೆಲಿಗೆ ಊಟಕ್ಕೆ ಕರೆದಾಗ ಬಾರ್ಕರ್ ಎದ್ದು ನಿಂತು ನಾನೇ ಅಂದರು. ಮೊದಲಿಗೆ ಯಾರೂ ನಂಬಲೇ ಇಲ್ಲ.

ಈ ಕಥೆ ಕೇಳಿ ನಕ್ಕು, ಮತ್ತೆ "ಸರ್, ಮಾಡಿ ತೋರಿಸ್ಲಾ?" ಅನ್ನುತ್ತಾರೆ. ಆದ್ದರಿಂದ ಬಿಡಿಸಿ ಹೇಳುತ್ತೇನೆ. ನಿಮ್ಮ ಹುಬ್ಬು, ನಿಮ್ಮ ದನಿ, ಮಾತಿನ ಮಧ್ಯೆ ನೀವು ಕೊಡುವ ಗ್ಯಾಪ್, ಇದ್ಯಾವುದೂ ಪುಟದ ಜೊತೆ ಬರುವುದಿಲ್ಲ. ನಾಳೆ ಅದನ್ನು ಆಡುವವನು ಬೇರೆ ನಟ. ಅವನಿಗೆ ಸಿಗುವುದು ಪುಟ ಮಾತ್ರ. ನಗು ಪುಟದಲ್ಲಿ ಇಲ್ಲದಿದ್ದರೆ ಅವನು ಎಲ್ಲಿಂದ ತರಬೇಕು?

1976ರ ಹಾರ್ಡ್‌ವೇರ್ ಅಂಗಡಿ ಸ್ಕಿಟ್ ನೋಡಿ. ಅದೂ ವೈಲಿ ಬರೆದದ್ದೇ. ಗಿರಾಕಿ ಬಾರ್ಕರ್, ಅಂಗಡಿಯವ ಕಾರ್ಬೆಟ್. 'ಫೋರ್ ಕ್ಯಾಂಡಲ್ಸ್' ಅಂತ ಕೇಳಿಸಿಕೊಂಡು ಅಂಗಡಿಯವ ನಾಲ್ಕು ಮೇಣದಬತ್ತಿ ತಂದಿಡುತ್ತಾನೆ. ಗಿರಾಕಿಗೆ ಬೇಕಿದ್ದದ್ದು 'ಫೋರ್ಕ್ ಹ್ಯಾಂಡಲ್ಸ್', ತೋಟದ ಫೋರ್ಕಿಗೆ ಹಾಕುವ ಹಿಡಿ. ಪ್ರತಿ ಸಾಮಾನಿಗೂ ಇದೇ ಪಾಡು, ಪ್ರತಿ ಸಲವೂ ಅಂಗಡಿಯವನ ಸಿಟ್ಟು ಒಂದು ಮೆಟ್ಟಿಲು ಮೇಲೆ. ಆ ಮೆಟ್ಟಿಲೆಲ್ಲ ಬರೆದಿಟ್ಟದ್ದು. ಬಾರ್ಕರ್ ಕೈಬರಹದ ಆ ಸ್ಕ್ರಿಪ್ಟ್ 2018ರಲ್ಲಿ ಹರಾಜಿನಲ್ಲಿ 28,000 ಪೌಂಡಿಗೆ ಹೋಯಿತು.

ಒಬ್ಬ ಹುಡುಗ ಹಟ ಹಿಡಿದು ನನ್ನ ಮುಂದೆ ತನ್ನ ಸ್ಕಿಟ್ ಆಡಿದ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಅದೇ ಪುಟವನ್ನು ಆಫೀಸಿನ ಇನ್ನೊಬ್ಬನ ಕೈಗೆ ಕೊಟ್ಟು ಓದಿಸಿದೆ. ಒಬ್ಬರೂ ನಗಲಿಲ್ಲ. ಹುಡುಗನ ಮುಖ ಸಪ್ಪಗಾಯಿತು, ನನಗೂ ಸಂಕಟ. ಆದರೆ ಆಮೇಲೆ ಅವನು ತಿದ್ದಿ ತಂದ ಪುಟಗಳಲ್ಲಿ, ತಾನು ಮುಖದಲ್ಲಿ ಮಾಡುತ್ತಿದ್ದದ್ದೆಲ್ಲ ಮಾತಿಗೆ ಇಳಿದಿತ್ತು. ಒಳ್ಳೆ ಹುಡುಗ, ಇನ್ನೂ ಬರೆಯುತ್ತಿದ್ದಾನೆ.

ಎಲ್ಲರಿಗೂ ಇದು ಹಾಗೇ ಅನ್ವಯಿಸುತ್ತದೆ ಅನ್ನಲಾರೆ. ಸ್ಟ್ಯಾಂಡಪ್ ಮಾಡುವವರು ತಾವು ಬರೆದದ್ದನ್ನು ತಾವೇ ಹೇಳುತ್ತಾರೆ, ಅವರ ಲೆಕ್ಕ ಬೇರೆ. ಬಾರ್ಕರ್ ಹಾಗೆ ಸುಮ್ನೆ ಹೆಸರು ಮುಚ್ಚಿಡಲೂ ಹೋಗಬೇಡಿ. ಅವರಿಗೆ ನಡುವೆ ಏಜೆಂಟ್ ಇದ್ದರು. ಹಕ್ಕು, ಸಂಭಾವನೆಯ ವಿಷಯ ತಿಳಿದ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ನನಗೆ ಕಳಿಸುವಾಗ ಮೊದಲ ಪುಟದಲ್ಲಿ ಸ್ಕಿಟ್ಟಿನ ಹೆಸರು, ಕೊನೆಯ ಪುಟದಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಇರಲಿ. ಓದಿದ ಮೇಲೆ ನಾನೇ ಫೋನ್ ಮಾಡುತ್ತೇನೆ.