ಟಸ್ಕನಿಯೋ ಉಂಬ್ರಿಯಾವೋ: ಮೊದಲು ಕಾರಿನ ಮಾತು ಮುಗಿಸೋಣ

ಇಟಲಿಗೆ ಹೊರಟವರು ನನ್ನ ಮೇಜಿನ ಮುಂದೆ ಕೂತು ಫೋನಿನಲ್ಲಿ ಒಂದು ಫೋಟೊ ತೋರಿಸುತ್ತಾರೆ. ಹಸಿರು ಗುಡ್ಡ, ಅಂಕುಡೊಂಕಾದ ಬಿಳಿ ಮಣ್ಣಿನ ರಸ್ತೆ, ಅದರ ಪಕ್ಕ ಸೈಪ್ರೆಸ್ ಮರಗಳ ಸಾಲು, ತುದಿಯಲ್ಲಿ ಒಂಟಿ ಕಲ್ಲಿನ ಮನೆ. "ನಮಗೆ ಇದು ಬೇಕು" ಅನ್ನುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ ಬಜೆಟ್ಟಿನದ್ದಲ್ಲ. ನಿಮ್ಮಲ್ಲಿ ರಸ್ತೆಯ ಬಲಗಡೆ ಕಾರು ಓಡಿಸುವವರು ಯಾರಿದ್ದಾರೆ?

ಯಾಕೆಂದರೆ ಆ ಫೋಟೊ ಹೆಚ್ಚಾಗಿ ಟಸ್ಕನಿ ಪ್ರಾಂತ್ಯದ ವಾಲ್ ದೋರ್ಚಾ ಕಣಿವೆಯದು. ಸಿಯೆನಾ ಪಟ್ಟಣದ ದಕ್ಷಿಣಕ್ಕಿದೆ, 2004ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಪಿಯೆಂಜಾ, ಸಾನ್ ಕ್ವಿರಿಕೊ, ಮೊಂಟಾಲ್ಚಿನೊ ಅಲ್ಲಿನ ಊರುಗಳು. ಈ ಊರುಗಳಿಗೆ ರೈಲಿನಲ್ಲಿ ಹೋಗಿ ಇಳಿಯೋಕಾಗುವುದಿಲ್ಲ. ಬಸ್ಸು ಇದೆ, ಆದರೆ ದಿನಕ್ಕೆ ಕೆಲವೇ ಕೆಲವು, ಭಾನುವಾರ ಇನ್ನೂ ಕಡಿಮೆ. ಹೇಗೋ ಬಸ್ಸಿನಲ್ಲಿ ಹೋಗಿ ಇಳಿದರೂ ನೀವು ಹುಡುಕುವ ಜಾಗ ಊರಿನೊಳಗಿಲ್ಲ. ಅದು ಎರಡು ಊರುಗಳ ನಡುವಿನ ರಸ್ತೆಯಲ್ಲಿದೆ. ಕಾರಿದ್ದರೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು. ಇಲ್ಲದಿದ್ದರೆ ಪಿಯೆಂಜಾದ ಕೋಟೆಗೋಡೆಯ ಪಕ್ಕ ನಿಂತು ಕಣಿವೆಯನ್ನು ದೂರದಿಂದ ನೋಡಿ, ಕಾಫಿ ಕುಡಿದು, ಮುಂದಿನ ಬಸ್ಸಿಗೆ ಕಾಯಬೇಕು.

ಪಕ್ಕದ ಉಂಬ್ರಿಯಾ ಪ್ರಾಂತ್ಯದ ಕಥೆ ಉಲ್ಟಾ. ಟಸ್ಕನಿ ಹೆಚ್ಚುಕಡಿಮೆ 23,000 ಚದರ ಕಿಲೋಮೀಟರ್ ಇದ್ದರೆ ಉಂಬ್ರಿಯಾ ಸುಮಾರು 8,500. ಇಟಲಿಯ ನಡುಮಧ್ಯದಲ್ಲಿದೆ. ಸಮುದ್ರವೂ ಇಲ್ಲ, ಬೇರೆ ದೇಶದ ಗಡಿಯೂ ಇಲ್ಲ. ಮ್ಯಾಪ್ ನೋಡಿದವರು 'ಒಳನಾಡು, ಹೋಗೋದು ಕಷ್ಟ' ಅಂದುಕೊಳ್ಳುತ್ತಾರೆ. ಆದರೆ ಗುಡ್ಡದ ಮೇಲಿನ ಹಳೇ ಊರುಗಳನ್ನು ಕಾರಿಲ್ಲದೆ ನೋಡಬೇಕು ಅನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಉಂಬ್ರಿಯಾವನ್ನೇ. ಸ್ಪೊಲೆಟೊ, ಸ್ಪೆಲ್ಲೊ, ಅಸ್ಸೀಸಿ, ಪೆರೂಜಾ ಎಲ್ಲವೂ ಫೊಲಿನ್ಯೊ ಜಂಕ್ಷನ್ನಿನ ಆಚೀಚೆ ರೈಲು ದಾರಿಯಲ್ಲೇ ಇವೆ. ಓರ್ವಿಯೆಟೊ ರೋಮ್–ಫ್ಲಾರೆನ್ಸ್ ನಡುವಿನ ಹಳೇ ಮಾರ್ಗದಲ್ಲಿದೆ. ಸಾಮಾನ್ಯ ಪ್ರಾದೇಶಿಕ ರೈಲು ಸಾಕು, ಮುಂಗಡ ಬುಕಿಂಗ್ ಬೇಕಿಲ್ಲ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ನಿಲ್ದಾಣದ ಮಶೀನಿನಲ್ಲಿ ಮುದ್ರೆ ಹಾಕಿಸಲು ಮಾತ್ರ ಮರೆಯಬೇಡಿ. ಮರೆತರೆ ದಂಡ ಕಟ್ಟಬೇಕಾಗುತ್ತದೆ.

ರೈಲು ಬಯಲಿನಲ್ಲಿ ಓಡುತ್ತದೆ, ಊರು ಗುಡ್ಡದ ಮೇಲಿರುತ್ತದೆ. ಹಾಗಾದರೆ ಹತ್ತುವುದು ಹೇಗೆ? ಒಂದೊಂದು ಊರು ಒಂದೊಂದು ಏರ್ಪಾಡು ಮಾಡಿಕೊಂಡಿದೆ. ಓರ್ವಿಯೆಟೊದಲ್ಲಿ ನಿಲ್ದಾಣದ ಎದುರಿಗೇ ಕೇಬಲ್ಲಿನಿಂದ ಎಳೆಯುವ ಫ್ಯುನಿಕ್ಯುಲರ್ ರೈಲು. ಪೆರೂಜಾದಲ್ಲಿ 2008ರಲ್ಲಿ ಶುರುವಾದ ಮಿನಿಮೆಟ್ರೊ, ಡ್ರೈವರ್ ಇಲ್ಲದ ಪುಟ್ಟ ಪುಟ್ಟ ಡಬ್ಬಿಗಳು. ಅದು ರಾತ್ರಿ ಬೇಗ ನಿಂತುಹೋಗುತ್ತದೆ, ಊಟಕ್ಕೆ ಹೋಗುವಾಗ ನೆನಪಿರಲಿ. ಪೆರೂಜಾಗೆ ಇನ್ನೊಂದು ದಾರಿಯೂ ಇದೆ, ನನಗೆ ಅದೇ ಹೆಚ್ಚು ಇಷ್ಟ. 1540ರಲ್ಲಿ ಪೋಪ್ ಮೂರನೇ ಪೌಲ್ ಊರಿನವರ ದಂಗೆ ಅಡಗಿಸಿ, ವಿರೋಧಿ ಮನೆತನದ ಬೀದಿಗಳನ್ನೇ ಅಡಿಪಾಯ ಮಾಡಿ ಮೇಲೊಂದು ಕೋಟೆ ಕಟ್ಟಿಸಿದ. ಕೋಟೆ ಆಮೇಲೆ ಹಾಳಾಯಿತು, ಅಡಿಯಲ್ಲಿ ಹೂತಿದ್ದ ಬೀದಿಗಳು ಉಳಿದವು. ಇವತ್ತು ಕೆಳಗಿನ ಬಸ್ ನಿಲ್ದಾಣದಿಂದ ಎಸ್ಕಲೇಟರ್ ಹತ್ತಿದರೆ ಆ ಹೂತ ಬೀದಿಗಳ ನಡುವೆಯೇ ಸಾಗಿ ಊರಿನ ಮುಖ್ಯ ರಸ್ತೆಗೆ ಬಂದು ನಿಲ್ಲುತ್ತೀರಿ. ಆಫೀಸಿಗೆ ಹೋಗುವವರು, ತರಕಾರಿ ಚೀಲ ಹಿಡಿದವರು ಎಲ್ಲ ಅದೇ ದಾರಿಯಲ್ಲಿ ಓಡಾಡುತ್ತಾರೆ. ಟಿಕೆಟ್ ಇಲ್ಲ.

ಅಸ್ಸೀಸಿ ನಿಲ್ದಾಣದಲ್ಲಿ ಇಳಿದವರು ಗುಡ್ಡದ ಮೇಲಿನ ಊರು ಕಂಡ ತಕ್ಷಣ ಬಸ್ಸಿಗೆ ಓಡುತ್ತಾರೆ. ಸ್ವಲ್ಪ ತಡೆಯಿರಿ. ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲೇ ಸಾಂತಾ ಮರಿಯಾ ದೆಲ್ಯಿ ಆಂಜೆಲಿ ಅನ್ನುವ ಭಾರಿ ಚರ್ಚ್ ಇದೆ. ಅದರೊಳಗೆ, ಗುಮ್ಮಟದ ಕೆಳಗೆ, ಒಂದು ಕೋಣೆಯಷ್ಟಿರುವ ಕಲ್ಲಿನ ಗುಡಿ ನಿಂತಿದೆ. ಸಂತ ಫ್ರಾನ್ಸಿಸ್ ತನ್ನ ಸಂಗಡಿಗರ ಜೊತೆ ಇದ್ದ ಪೊರ್ಸಿಯುಂಕೊಲಾ ಅದು. ಅದನ್ನು ಕಾಪಾಡಲೆಂದೇ ಸುತ್ತ ಅಷ್ಟು ದೊಡ್ಡ ಚರ್ಚ್ ಕಟ್ಟಿದರು. ಅದನ್ನು ನೋಡಿ ಆಮೇಲೆ ಮೇಲಕ್ಕೆ ಹೋಗಿ. ಮೇಲಿನ ಸಂತ ಫ್ರಾನ್ಸಿಸ್ ಬೆಸಿಲಿಕಾ ಚರ್ಚಿನಲ್ಲಿ ಚಿತ್ರಕಾರ ಜೊತ್ತೊ ಹೆಸರಿಗೆ ಹೇಳುವ 28 ಭಿತ್ತಿಚಿತ್ರಗಳಿವೆ. 1997ರ ಭೂಕಂಪದಲ್ಲಿ ಇದೇ ಚಾವಣಿಯ ಒಂದು ಭಾಗ ಕುಸಿದು ನಾಲ್ವರು ಸತ್ತಿದ್ದರು. ಉದುರಿದ ಚೂರುಗಳನ್ನು ಆಯ್ದು ಜೋಡಿಸಿ, 1999ರಲ್ಲಿ ಮತ್ತೆ ಬಾಗಿಲು ತೆರೆದರು.

ಈಗ ಟಸ್ಕನಿಗೆ ನ್ಯಾಯ ಸಲ್ಲಿಸಬೇಕಲ್ವಾ? ಕಾರಿಲ್ಲದೆಯೂ ಟಸ್ಕನಿ ಸುಲಭವೇ, ಆದರೆ ಅದು ಬೇರೆ ಟಸ್ಕನಿ. ಫ್ಲಾರೆನ್ಸ್, ಪೀಸಾ, ಲುಕ್ಕಾ, ಅರೆಟ್ಸೊಗೆ ರೈಲಿದೆ. ಸಿಯೆನಾಗೆ ಫ್ಲಾರೆನ್ಸಿನಿಂದ ನೇರ ಬಸ್ಸೇ ರೈಲಿಗಿಂತ ಅನುಕೂಲ, ಊರ ಅಂಚಿಗೇ ಬಿಡುತ್ತದೆ. ಚಿತ್ರ, ಶಿಲ್ಪ, ಕಟ್ಟಡ ಅಂದರೆ ಪ್ರಾಣ ಅನ್ನುವವರಿಗೆ ಇಲ್ಲಿ ಚರ್ಚೆಯೇ ಇಲ್ಲ, ಫ್ಲಾರೆನ್ಸಿಗೆ ಉಂಬ್ರಿಯಾದಲ್ಲಿ ಸಮ ಇಲ್ಲ. ಆದರೆ ಅಲ್ಲಿಗೆ ಒಂದು ರಾತ್ರಿ ಕೊಟ್ಟು ಓಡುವ ಪ್ಯಾಕೇಜುಗಳು ಬರೀ ದಣಿವು. ಮೂರು ರಾತ್ರಿ ಕೊಡಿ. ಉಫಿಜಿ ಮ್ಯೂಸಿಯಂ, ಮೈಕೆಲಾಂಜೆಲೊನ ದಾವಿದ್ ಶಿಲ್ಪ ಇರುವ ಅಕಾದೆಮಿಯಾ ಎರಡೂ ಸೋಮವಾರ ಮುಚ್ಚಿರುತ್ತವೆ. ನಿಮ್ಮ ಫ್ಲಾರೆನ್ಸ್ ದಿನಗಳಲ್ಲಿ ಸೋಮವಾರ ಎಲ್ಲಿ ಬರುತ್ತೆ ನೋಡಿಕೊಂಡು, ಆ ದಿನ ಲುಕ್ಕಾಗೆ ಹೋಗಿ.

ಲುಕ್ಕಾ ವಿಷಯದಲ್ಲಿ ನಾನು ಸ್ವಲ್ಪ ಪಕ್ಷಪಾತಿ. ಮೊಣಕಾಲು ನೋವಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಇಡೀ ಎರಡು ಪ್ರಾಂತ್ಯಗಳಲ್ಲಿ ಇದಕ್ಕಿಂತ ಒಳ್ಳೆ ಊರಿಲ್ಲ. ಪೂರ್ತಿ ಸಮತಟ್ಟು. ಊರ ಸುತ್ತ ನಾಲ್ಕು ಕಿಲೋಮೀಟರ್ ಉದ್ದದ ಕೋಟೆಗೋಡೆ, ಅದರ ಮೇಲೆ ಮರಗಳ ನೆರಳಿನ ಅಗಲವಾದ ದಾರಿ. ಬಾಡಿಗೆ ಸೈಕಲ್ ಸಿಗುತ್ತದೆ. ಉಂಬ್ರಿಯಾ ಇಲ್ಲಿ ಸೋಲುತ್ತದೆ. ಎಸ್ಕಲೇಟರ್ ಇದ್ದರೂ ಊರೊಳಗೆ ಮೆಟ್ಟಿಲು, ಇಳಿಜಾರು ತಪ್ಪಿದ್ದಲ್ಲ. ಸಂಜೆಯಾದ ಮೇಲೆ ಸಣ್ಣ ಊರುಗಳು ಗಪ್‌ಚುಪ್. ಹದಿಹರೆಯದ ಮಕ್ಕಳಿಗೆ ಪೆರೂಜಾ ಬಿಟ್ಟರೆ ಬೇರೆಡೆ ಬೇಜಾರಾಗಬಹುದು. ಪೆರೂಜಾ ಯೂನಿವರ್ಸಿಟಿ ಊರು, ರಾತ್ರಿಯೂ ಚೌಕದ ಮೆಟ್ಟಿಲುಗಳ ಮೇಲೆ ಹುಡುಗ ಹುಡುಗಿಯರು ಕೂತಿರುತ್ತಾರೆ. ಸಮುದ್ರ ಬೇಕೇ ಬೇಕು ಅನ್ನುವ ಮಕ್ಕಳಿದ್ದರಂತೂ ಟಸ್ಕನಿಯೇ ಸರಿ.

ಕಾರು ತೆಗೆದುಕೊಳ್ಳುವುದೇ ನಿಜವಾದರೆ ಎರಡು ಮಾತು. ನಮ್ಮ ಲೈಸೆನ್ಸ್ ಜೊತೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಬೇಕು, ಅದರ ಅವಧಿ ಒಂದು ವರ್ಷ. ಗೇರ್ ಇಲ್ಲದ ಕಾರು ಬೇಕಾದರೆ ಬುಕ್ ಮಾಡುವಾಗಲೇ ಹೇಳಿ. ಇವೆಲ್ಲ ಸಣ್ಣ ವಿಷಯ. ದೊಡ್ಡ ತಲೆನೋವು ಝಡ್‌ಟಿಎಲ್, ಅಂದರೆ ಹಳೇ ಊರಿನ ನಿರ್ಬಂಧಿತ ವಲಯ. ಗೇಟಿಲ್ಲ, ಪೊಲೀಸಿಲ್ಲ, ಯಾರೂ ತಡೆಯುವುದಿಲ್ಲ. ಬಿಳಿ ವೃತ್ತದ ಸುತ್ತ ಕೆಂಪು ಅಂಚಿರುವ ಬೋರ್ಡು, ಪಕ್ಕದಲ್ಲಿ ಕ್ಯಾಮೆರಾ, ಅಷ್ಟೇ. ಅಲ್ಲೇ ಎಲೆಕ್ಟ್ರಾನಿಕ್ ಫಲಕದಲ್ಲಿ 'ವಾರ್ಕೊ ಅತ್ತೀವೊ' ಎಂದು ಬಂದರೆ ಕ್ಯಾಮೆರಾ ಕೆಲಸ ಮಾಡುತ್ತಿದೆ, ಒಳಗೆ ಹೋಗಬಾರದು ಎಂದು. ಫೋನಿನ ಮ್ಯಾಪ್ ಹೇಳಿತು ಅಂತ ಹೋದರೆ ನಂಬರ್ ಪ್ಲೇಟಿನ ಫೋಟೊ ಬೀಳುತ್ತದೆ. ದಾರಿ ತಪ್ಪಿ ಮೂರು ಸಲ ಒಳಗೆ ಹೊರಗೆ ಹೋದರೆ ಮೂರು ದಂಡ ಬೀಳಬಹುದು. ಬಾಡಿಗೆ ಕಂಪನಿ ನಿಮ್ಮ ವಿಳಾಸ ಕೊಟ್ಟಿದ್ದಕ್ಕೇ ಬೇರೆ ಶುಲ್ಕ ಹಾಕುತ್ತದೆ. ದಂಡದ ಕಾಗದ ತಿಂಗಳುಗಳ ನಂತರ ಬಸವನಗುಡಿಗೋ ಧಾರವಾಡಕ್ಕೋ ಬಂದು ತಲುಪುತ್ತದೆ. ಹೋಟೆಲ್ ವಲಯದೊಳಗಿದ್ದರೆ ಮೊದಲೇ ಮೇಲ್ ಮಾಡಿ ನಿಮ್ಮ ಕಾರಿನ ನಂಬರ್ ನೋಂದಾಯಿಸಲು ಹೇಳಿ. ಇಲ್ಲವಾದರೆ ಗೋಡೆಯ ಹೊರಗಿನ ಪಾರ್ಕಿಂಗಿನಲ್ಲಿ ನಿಲ್ಲಿಸಿ ನಡೆಯಿರಿ. ಟಸ್ಕನಿ, ಉಂಬ್ರಿಯಾ ಎರಡರಲ್ಲೂ ಇದೇ ಕಥೆ.

ಕಾರಿದ್ದವರಿಗೆ ಉಂಬ್ರಿಯಾದ ದಕ್ಷಿಣದಲ್ಲಿ ಒಂದು ಜಾಗ ಹೇಳುತ್ತೇನೆ. ಟೆರ್ನಿ ಹತ್ತಿರದ ಮಾರ್ಮೊರೆ ಜಲಪಾತ. ಮೂರು ಹಂತ, ಒಟ್ಟು ಎತ್ತರ 165 ಮೀಟರ್. ಕ್ರಿಸ್ತಪೂರ್ವ 271ರಲ್ಲಿ ರೋಮನ್ನರು ಜೌಗು ನೀರು ಹರಿದುಹೋಗಲೆಂದು ಕಾಲುವೆ ತೋಡಿ ಮಾಡಿದ್ದು. ಅಂದರೆ ಮನುಷ್ಯ ಕಟ್ಟಿದ ಜಲಪಾತ. ಈಗ ನೀರು ವಿದ್ಯುತ್ತಿಗೆ ಹೋಗುತ್ತದೆ. ಹಾಗಾಗಿ ಜಲಪಾತಕ್ಕೆ ಟೈಮ್‌ಟೇಬಲ್ ಇದೆ. ಬೇಸಗೆಯಲ್ಲಿ ಜೋಗಕ್ಕೆ ಹೋಗಿ, ಲಿಂಗನಮಕ್ಕಿಯಲ್ಲಿ ನೀರು ಬಿಟ್ಟಿಲ್ಲ ಅಂತ ಬಂಡೆ ನೋಡಿ ಬಂದ ಅನುಭವ ನಮ್ಮವರಿಗೆ ಇದ್ದೇ ಇದೆ. ಇಲ್ಲಿ ಆ ಗೋಳಿಲ್ಲ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ನೀರು ಎಂದು ಮೊದಲೇ ಪ್ರಕಟಿಸುತ್ತಾರೆ. ನೋಡಿಕೊಂಡು ಹೋಗಿ.

ಊಟದ ಪ್ರಶ್ನೆ ಬಾರದ ಕನ್ನಡದ ಮನೆಯಿಲ್ಲ. ಸಸ್ಯಾಹಾರಿಗಳಿಗೆ ಟಸ್ಕನಿ ತುಸು ಸುಲಭ. ಬ್ರೆಡ್ಡು, ಕಾಳು, ಸೊಪ್ಪು ಹಾಕಿ ಬೇಯಿಸಿದ ರಿಬೊಲ್ಲಿತಾ, ಟೊಮೆಟೊ ಜೊತೆ ಹಳೇ ಬ್ರೆಡ್ಡಿನ ಪಾಪಾ ಅಲ್ ಪೊಮೊದೊರೊ, ಪೀಸಾ ಕಡೆಯ ಕಡಲೆಹಿಟ್ಟಿನ ಚೆಚೀನಾ, ಬೆಳ್ಳುಳ್ಳಿ ಟೊಮೆಟೊ ಹಾಕಿದ ದಪ್ಪ ಪೀಚಿ ಪಾಸ್ತಾ. ಉಂಬ್ರಿಯಾದ ನೋರ್ಚಾ ಹಂದಿ ಮಾಂಸಕ್ಕೆ ಹೆಸರಾದ ಊರು, ಇಡೀ ಪ್ರಾಂತ್ಯದ ಮೆನುವಿನಲ್ಲಿ ಅದರ ನೆರಳಿದೆ. ಆದರೂ ಕಪ್ಪು ಟ್ರಫಲ್ (ನೆಲದಡಿ ಬೆಳೆಯುವ ಒಂದು ಬಗೆಯ ಅಣಬೆ) ತುರಿದ ಸ್ತ್ರಂಗೊತ್ಸಿ ಪಾಸ್ತಾ, ಕಾಸ್ತೆಲ್ಲುಚ್ಚೊ ಬೇಳೆಯ ಸೂಪು ಸಿಗುತ್ತವೆ. ಕಾವಲಿಯ ಮೇಲೆ ಬೇಯಿಸುವ ತೋರ್ತಾ ಅಲ್ ತೆಸ್ತೊ ನಮ್ಮ ದಪ್ಪ ರೊಟ್ಟಿಯ ನೆಂಟನೇ ಸರಿ, ನಡುವೆ ಸೊಪ್ಪು ಚೀಸು ಇಟ್ಟು ಕೊಡುತ್ತಾರೆ. ಹಿಟ್ಟಿಗೆ ಹಂದಿ ಕೊಬ್ಬು ಹಾಕಿದ್ದಾರಾ ಕೇಳಿಕೊಳ್ಳಿ. 'ಮಾಂಸ ಬೇಡ' ಎಂದರೆ ಸಾಲದು. ಹ್ಯಾಮಿನ ಚೂರು, ಮಾಂಸದ ರಸದ ಸೂಪು ಆ ಲೆಕ್ಕಕ್ಕೆ ಬಾರದೆ ತಟ್ಟೆಗೆ ಬಂದುಬಿಡಬಹುದು. ಒಂದೊಂದನ್ನೂ ಹೆಸರಿಟ್ಟು ಬೇಡ ಅನ್ನಿ. ಪಾರ್ಮಿಜಾನೊ ಚೀಸಿಗೆ ಕರುವಿನ ಹೊಟ್ಟೆಯ ಹೆಪ್ಪು ಬಳಸುತ್ತಾರೆ, ಕಟ್ಟುನಿಟ್ಟಿನವರಿಗೆ ಇದು ಗೊತ್ತಿರಲಿ. ಇನ್ನು ಬ್ರೆಡ್ಡು. ಎರಡೂ ಕಡೆಯ ಸಾಂಪ್ರದಾಯಿಕ ಬ್ರೆಡ್ಡಿಗೆ ಉಪ್ಪೇ ಇಲ್ಲ. ಉಪ್ಪಿಗಿಂತ ರುಚಿಯಿಲ್ಲ ಅಂತ ಬೆಳೆದ ನಮಗೆ ಮೊದಲ ತುತ್ತು ಸಪ್ಪೆ. ಅಲ್ಲಿನ ಆಲಿವ್ ಎಣ್ಣೆ ಸುರಿದು ಮೇಲೆ ಚಟ್ನಿಪುಡಿ ಉದುರಿಸಿ ನೋಡಿ.

ಕಾಲದ ಬಗ್ಗೆ. ಫೋಟೊದ ಆ ಹಸಿರು ಏಪ್ರಿಲ್–ಮೇ ತಿಂಗಳದ್ದು, ಗೋಧಿ ಬೆಳೆದು ನಿಂತಾಗಿನದು. ನಮ್ಮ ಬೇಸಿಗೆ ರಜೆಗೆ ಅದು ಸರಿಹೊಂದುತ್ತದೆ. ದಸರಾ ರಜೆಗೆ ಹೋದರೆ ವಾಲ್ ದೋರ್ಚಾದಲ್ಲಿ ಸಿಗುವುದು ಉತ್ತ ಮಣ್ಣಿನ ಕಂದು. ಅದೂ ಚೆಂದವೇ, ಆದರೆ ಹಸಿರು ನಿರೀಕ್ಷಿಸಿ ಹೋದವರ ಮುಖ ಬಾಡುತ್ತದೆ. ದಸರಾ ಪ್ರವಾಸವಾದರೆ ನಾನು ಉಂಬ್ರಿಯಾ ಕಡೆ ವಾಲುತ್ತೇನೆ. ಅಲ್ಲಿನ ಚೆಲುವು ಊರುಗಳಲ್ಲಿದೆ, ಗೋಧಿ ಕೊಯ್ಲಾದರೂ ಅದಕ್ಕೇನೂ ಆಗುವುದಿಲ್ಲ. ಅಸ್ಸೀಸಿಗೆ ಮಾತ್ರ ಅಕ್ಟೋಬರ್ 4ರ ಆಸುಪಾಸು ತಪ್ಪಿಸಿ, ಅಂದು ಸಂತ ಫ್ರಾನ್ಸಿಸ್ ಹಬ್ಬ. ಫ್ರಾನ್ಸಿಸ್ ತೀರಿಕೊಂಡಿದ್ದು 1226ರಲ್ಲಿ, ಹಾಗಾಗಿ 2026 ಅಲ್ಲಿ 800ನೇ ವರ್ಷ, ಜನ ಇನ್ನೂ ಜಾಸ್ತಿ. ಜುಲೈ, ಆಗಸ್ಟ್ ಎರಡೂ ಕಡೆಗೂ ಬೇಡ. ಸಿಯೆನಾದ ಪಾಲಿಯೊ ಕುದುರೆ ಪಂದ್ಯ ಜುಲೈ 2 ಮತ್ತು ಆಗಸ್ಟ್ 16ಕ್ಕೆ ನಡೆಯುತ್ತದೆ ಅನ್ನುವುದೊಂದೇ ಆ ಬಿಸಿಲಿನಲ್ಲಿ ಹೋಗಲು ಕಾರಣವಾಗಬಹುದು.

"ಎರಡೂ ಆಗಲ್ವಾ?" ಎಂದು ಕೊನೆಗೆ ಎಲ್ಲರೂ ಕೇಳುತ್ತಾರೆ. ರೋಮ್, ಫ್ಲಾರೆನ್ಸ್ ಬಿಟ್ಟು ಕೈಯಲ್ಲಿ ನಾಲ್ಕೇ ರಾತ್ರಿ ಇದ್ದರೆ ಬೇಡ, ಒಂದನ್ನೇ ಹಿಡಿಯಿರಿ. ರೈಲಿನವರು ರೋಮಿನಿಂದ ಹೊರಟು ಓರ್ವಿಯೆಟೊದಲ್ಲಿ ಒಂದು ರಾತ್ರಿ, ಅಸ್ಸೀಸಿಯಲ್ಲೋ ಪೆರೂಜಾದಲ್ಲೋ ಮೂರು ರಾತ್ರಿ ಇದ್ದು ಫ್ಲಾರೆನ್ಸ್ ಸೇರಬಹುದು. ಉಂಬ್ರಿಯಾ ಹೇಗೂ ಆ ಎರಡು ನಗರಗಳ ನಡುವೆಯೇ ಇದೆ, ಹೆಚ್ಚು ಸುತ್ತು ಆಗುವುದಿಲ್ಲ. ಕಾರಿನವರಿಗೆ ಒಂದು ವಾರ ಇದ್ದರೆ ತ್ರಾಸಿಮೆನೊ ಸರೋವರದ ಸುತ್ತಮುತ್ತ ಒಂದೇ ಕಡೆ ಮನೆ ಹಿಡಿಯಿರಿ. ಸರೋವರ ಉಂಬ್ರಿಯಾದ್ದು, ಪಕ್ಕದ ಗುಡ್ಡದ ಕೊರ್ಟೋನಾ ಟಸ್ಕನಿಯದ್ದು. ಅಲ್ಲಿಂದ ಮೊಂಟೆಪುಲ್ಚಾನೊ, ಪಿಯೆಂಜಾ ಒಂದು ದಿನ, ಪೆರೂಜಾ, ಅಸ್ಸೀಸಿ ಇನ್ನೊಂದು ದಿನ, ಪೆಟ್ಟಿಗೆ ಕಟ್ಟುವ ಗೊಡವೆ ಇಲ್ಲ. ಆದರೆ ತೋಟದ ಮನೆಗಳನ್ನು ಸೀಸನ್ನಿನಲ್ಲಿ ಹಲವರು ಶನಿವಾರದಿಂದ ಶನಿವಾರಕ್ಕೆ, ವಾರದ ಲೆಕ್ಕದಲ್ಲಿ ಮಾತ್ರ ಕೊಡುತ್ತಾರೆ. ಆದ್ದರಿಂದ ಮೊದಲು ಮನೆ ಖಚಿತ ಮಾಡಿಕೊಳ್ಳಿ, ರೋಮಿನ ವಿಮಾನದ ಟಿಕೆಟ್ ಆಮೇಲೆ ತೆಗೆಯಿರಿ.