ಸಾಕ್ಷ್ಯಚಿತ್ರ ತೋರಿಸುವ ಮೊದಲು ತೀರ್ಪು ಓದಿ

ಸಿನಿಮಾ ನೋಡಿ ಯಾವ ನ್ಯಾಯಾಧೀಶರೂ ಯಾರನ್ನೂ ಬಿಡುಗಡೆ ಮಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಬಳ್ಳಾರಿಯ ನನ್ನ ಆಫೀಸಿಗೆ ಈ ಆಸೆ ಇಟ್ಟುಕೊಂಡು ಬರುವವರಿದ್ದಾರೆ. ಇತ್ತೀಚೆಗೆ ಕೊಪ್ಪಳದ ಕಡೆಯ ಕೆಲವು ವಿದ್ಯಾರ್ಥಿಗಳು ಬಂದಿದ್ದರು. ಅವರ ಊರಿನ ಒಬ್ಬರಿಗೆ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಗಿದೆ. ಹೈಕೋರ್ಟಿನಲ್ಲಿ ಅಪೀಲು ಇನ್ನೂ ಬಾಕಿ ಇದೆ. ಅವರು ಈ ಕೊಲೆ ಮಾಡಿಲ್ಲ ಅನ್ನುವುದು ಊರಿನ ಬಹಳ ಜನರ ನಂಬಿಕೆ. ಒಂದು ಸಾಕ್ಷ್ಯಚಿತ್ರ ತೋರಿಸಬೇಕು, ಆಮೇಲೆ ಈ ಕೇಸಿನ ಬಗ್ಗೆ ಮಾತಾಡಬೇಕು ಅಂತ ಹುಡುಗರ ಯೋಚನೆ. "ಸಾರ್, ಜನ ಎಲ್ಲಾ ನೋಡಿದ್ರೆ ಕೋರ್ಟಿಗೂ ಗೊತ್ತಾಗ್ತದಲ್ರಿ?" ಅಂತ ಒಬ್ಬ ಕೇಳಿದ.

ಕೋರ್ಟಿಗೆ ಗೊತ್ತಾಗುವುದು ದಾಖಲೆಯಿಂದ ಮಾತ್ರ ಅಂದೆ. ಆದರೆ ತೋರಿಸಬೇಡಿ ಅನ್ನಲಿಲ್ಲ. ಮೊದಲು ತೀರ್ಪಿನ ನಕಲು ತಂದು ಪೂರ್ತಿ ಓದಿ, ಆಮೇಲೆ ತೋರಿಸಿ ಅಂದೆ.

ಅವರು ಆರಿಸಿಕೊಂಡಿದ್ದು 1988ರ 'ದಿ ಥಿನ್ ಬ್ಲೂ ಲೈನ್'. ಒಳ್ಳೆಯ ಆಯ್ಕೆ. 1976ರ ನವೆಂಬರ್‌ನಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆದ ಘಟನೆ ಅದು. ರಾತ್ರಿ ಹೊತ್ತು ರಾಬರ್ಟ್ ವುಡ್ ಎಂಬ ಪೊಲೀಸ್ ಅಧಿಕಾರಿ ಒಂದು ಕಾರನ್ನು ತಡೆದರು. ಒಳಗಿದ್ದವನು ಗುಂಡು ಹೊಡೆದು ಪರಾರಿಯಾದ. ಕಾರು ಕದ್ದದ್ದು. ಕದ್ದವನು 16 ವರ್ಷದ ಹುಡುಗ. ಅದಕ್ಕೂ ಮುಂಚೆ ಆ ಹುಡುಗ ರಾಂಡಲ್ ಡೇಲ್ ಆಡಮ್ಸ್ ಎಂಬುವನಿಗೆ ಲಿಫ್ಟ್ ಕೊಟ್ಟಿದ್ದ. ಆಡಮ್ಸ್‌ನ ಗಾಡಿಯಲ್ಲಿ ಪೆಟ್ರೋಲ್ ಮುಗಿದಿತ್ತು. ಅವರಿಬ್ಬರ ಪರಿಚಯ ಅಷ್ಟೇ. ಸಿಕ್ಕಿಬಿದ್ದ ಹುಡುಗ ಆಡಮ್ಸ್ ಕಡೆ ಬೆರಳು ತೋರಿಸಿದ. 1977ರಲ್ಲಿ ಆಡಮ್ಸ್‌ಗೆ ಮರಣದಂಡನೆಯಾಯಿತು. 1979ರಲ್ಲಿ ಶಿಕ್ಷೆ ಜಾರಿಗೆ ಮೂರು ದಿನ ಇದ್ದಾಗ ತಡೆ ಸಿಕ್ಕಿತು. 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮರಣದಂಡನೆ ರದ್ದು ಮಾಡಿತು. ಆಮೇಲೆ ಅದು ಜೀವಾವಧಿಯಾಗಿ ಬದಲಾಯಿತು.

ನಿರ್ದೇಶಕ ಎರಲ್ ಮಾರಿಸ್ ಆಡಮ್ಸ್‌ನ ಕಥೆ ಹುಡುಕಿಕೊಂಡು ಹೋದವರೇ ಅಲ್ಲ. ಮರಣದಂಡನೆ ಕೇಸುಗಳಲ್ಲಿ ಸರ್ಕಾರದ ಪರವಾಗಿ ಸಾಕ್ಷಿ ಹೇಳುತ್ತಿದ್ದ ಒಬ್ಬ ಮನೋವೈದ್ಯರ ಬಗ್ಗೆ ಚಿತ್ರ ಮಾಡಲು ಟೆಕ್ಸಾಸ್‌ಗೆ ಹೋಗಿದ್ದರು. ಜೈಲಿನಲ್ಲಿ ಆಡಮ್ಸ್ ಸಿಕ್ಕ. ಆಮೇಲೆ ಮಾರಿಸ್ ಅವನ ವಿಚಾರಣೆಯ ದಾಖಲೆ ಓದಿದರು. ಅನುಮಾನ ಹುಟ್ಟಿದ್ದು ಅಲ್ಲಿ. ಕಾರು ದಾಟಿ ಹೋಗುವಾಗ ಆಡಮ್ಸ್‌ನನ್ನು ಕಂಡೆ ಎಂದು ಒಬ್ಬ ಹೆಂಗಸು ಕೋರ್ಟಿನಲ್ಲಿ ಹೇಳಿದ್ದರು. ಪೊಲೀಸರು ಸಾಲಾಗಿ ಜನ ನಿಲ್ಲಿಸಿ ಗುರುತು ಹಿಡಿಯಲು ಹೇಳಿದಾಗ ಆಕೆ ತೋರಿಸಿದ್ದು ಬೇರೆಯವನನ್ನು. ಈ ವಿಷಯ ಆಕೆಯ ಬಾಯಿಂದಲೇ ಕ್ಯಾಮೆರಾ ಮುಂದೆ ಹೊರಬಂತು.

ಇಲ್ಲಿಂದ ಮುಂದಿನದನ್ನು ನಾನು ವಿದ್ಯಾರ್ಥಿಗಳಿಗೆ ನಿಧಾನವಾಗಿ ಹೇಳಿದೆ. 1988ರ ಡಿಸೆಂಬರ್‌ನಲ್ಲಿ ಕೋರ್ಟ್ ಹೊಸದಾಗಿ ವಿಚಾರಣೆ ನಡೆಸಿತು. ಅಷ್ಟೊತ್ತಿಗೆ ದೊಡ್ಡವನಾಗಿದ್ದ ಆ ಹುಡುಗ, ಗುಂಡು ಹೊಡೆದಾಗ ಆಡಮ್ಸ್ ಆ ಕಾರಿನಲ್ಲಿ ಇರಲೇ ಇಲ್ಲ ಎಂದು ಅಲ್ಲಿ ಹೇಳಿದ. 1989ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಮೇಲಿನ ಕೋರ್ಟ್ ಶಿಕ್ಷೆ ರದ್ದು ಮಾಡಿತು, ಸರ್ಕಾರ ಕೇಸು ಕೈಬಿಟ್ಟಿತು. ಹನ್ನೆರಡು ವರ್ಷ ಆಗಿಹೋಗಿತ್ತು. ಚಿತ್ರ ಮಾಡಿದ ಕೆಲಸ ಆ ವಿಚಾರಣೆಗೆ ದಾರಿ ಮಾಡಿಕೊಟ್ಟಿದ್ದು. ಬಿಡುಗಡೆ ಮಾಡಿದ್ದು ಕೋರ್ಟಿನಲ್ಲಿ ದಾಖಲಾದ ಮಾತು.

ಅದು ಅಮೆರಿಕದ ಮಾತು, ನಮ್ಮಲ್ಲಿ ಹಾಗೆಲ್ಲಾ ಆಗುತ್ತಾ ಅಂತ ಕೇಳುವವರಿಗೆ ನಾನು ಮಹಾರಾಷ್ಟ್ರದ ಒಂದು ಕೇಸು ಹೇಳುತ್ತೇನೆ. 2003ರಲ್ಲಿ ಒಂದು ಕುಟುಂಬದವರ ಕೊಲೆಯಾಯಿತು. ಅಲೆಮಾರಿ ಸಮುದಾಯದ ಆರು ಮಂದಿ ಸಿಕ್ಕಿಬಿದ್ದರು. 2009ರಲ್ಲಿ ಆರೂ ಜನರಿಗೆ ಮರಣದಂಡನೆ ಎಂದು ನಮ್ಮ ಸುಪ್ರೀಂ ಕೋರ್ಟೇ ಹೇಳಿತ್ತು. ಅದೇ ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆರೂ ಜನರನ್ನು ಖುಲಾಸೆ ಮಾಡಿತು. ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಬದುಕುಳಿದ ಸಾಕ್ಷಿ ಮೊದಲು ಪೊಲೀಸರ ಫೋಟೋ ಆಲ್ಬಮ್ ನೋಡಿ ಬೇರೆ ನಾಲ್ವರನ್ನು ತೋರಿಸಿದ್ದರು. ಆ ದಾರಿಯಲ್ಲಿ ತನಿಖೆ ಹೋಗಲೇ ಇಲ್ಲ. ಡಲ್ಲಾಸ್‌ನಲ್ಲಿ ಕಂಡದ್ದೂ ಇದೇ ಗುರುತಿನ ತೊಡಕು ಅಲ್ವಾ?

ನಮ್ಮ ಜಿಲ್ಲೆಗಳ ಕೇಸುಗಳಲ್ಲೂ ನಾನು ಮೊದಲು ಹುಡುಕುವುದು ಇದನ್ನೇ. ಕತ್ತಲಲ್ಲಿ ಗುರುತು ಹಿಡಿದೆ ಅನ್ನುವ ಸಾಕ್ಷಿಗೆ ಬೆಳಕು ಎಲ್ಲಿಂದ ಬಂತು? ಬೀದಿ ದೀಪ ಇತ್ತು ಅನ್ನುವುದಾದರೆ ಸ್ಥಳದ ಪಂಚನಾಮೆಯಲ್ಲಿ, ಅಂದರೆ ಪಂಚರ ಮುಂದೆ ಪೊಲೀಸರು ಬರೆಯುವ ವರದಿಯಲ್ಲಿ, ಆ ಕಂಬ ಇದೆಯಾ? ಆ ರಾತ್ರಿ ಕರೆಂಟ್ ಇತ್ತಾ? ಆರೋಪಿ ಅಪರಿಚಿತ ಆಗಿದ್ದರೆ ತಹಶೀಲ್ದಾರರ ಮುಂದೆ ಗುರುತು ಪರೇಡ್ ಆಯಿತಾ? ಅದಕ್ಕೂ ಮುಂಚೆ ಸ್ಟೇಷನ್‌ನಲ್ಲಿ ಸಾಕ್ಷಿಗೆ ಅವನನ್ನು ತೋರಿಸಿದ್ದರಾ? ಪೇಪರಿನಲ್ಲಿ ಫೋಟೋ ಬಂದಿತ್ತಾ? ಆಮೇಲೆ ವಸ್ತು ಸಿಕ್ಕ ಪ್ರಸಂಗ. ಕೊಲೆಗೆ ಬಳಸಿದ್ದು ಅನ್ನುವ ಕುಡುಗೋಲು ಎಲ್ಲಿ ಸಿಕ್ಕಿತು, ಆ ಜಾಗ ಎಲ್ಲರೂ ಓಡಾಡುವಂಥದ್ದಾ, ಪಂಚರಾಗಿ ಸಹಿ ಹಾಕಿದವರು ಯಾರು, ಅವರು ಕೋರ್ಟಿನಲ್ಲಿ ಏನು ಹೇಳಿದರು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಆದರೆ ಆ ಹೇಳಿಕೆಯಿಂದ ಒಂದು ವಸ್ತು ಸಿಕ್ಕರೆ ಅದಕ್ಕೆ ಸಂಬಂಧಿಸಿದ ಭಾಗ ಸಾಕ್ಷ್ಯವಾಗುತ್ತದೆ. ಹಾಗಾಗಿ ಎಷ್ಟೋ ಕೇಸು ಆ ಒಂದು ಪಂಚನಾಮೆಯ ಮೇಲೆ ನಿಂತಿರುತ್ತವೆ. ಕಣ್ಣಾರೆ ಕಂಡವರು ಯಾರೂ ಇಲ್ಲದ ಕೇಸಾದರೆ ಸಂದರ್ಭಗಳ ಸರಪಳಿಯಲ್ಲಿ ಎಲ್ಲೂ ಕೊಂಡಿ ತಪ್ಪಿರಬಾರದು. ಸುಪ್ರೀಂ ಕೋರ್ಟ್ 1984ರ ಶರದ್ ಬಿರ್ಧಿಚಂದ್ ಸಾರ್ದಾ ಕೇಸಿನಲ್ಲಿ ಇದಕ್ಕೆ ಐದು ಅಳತೆಗಳನ್ನು ಹೇಳಿದೆ.

ಹುಡುಗರು ತೀರ್ಪು ಓದಿ ಮತ್ತೆ ಬಂದಾಗ ಅವರ ಮಾತೇ ಬದಲಾಗಿತ್ತು. ಮೊದಲು "ಅವರು ಅಂಥವರಲ್ಲ ಸಾರ್, ಊರಿಗೆಲ್ಲಾ ಬೇಕಾದವರು" ಅಂತಿದ್ದರು. ಈಗ, "ಮೂರನೇ ಸಾಕ್ಷಿ ಬೆಳಕಿನ ಬಗ್ಗೆ ಒಂದು ಮಾತೂ ಹೇಳಿಲ್ಲ, ಪಾಟೀ ಸವಾಲಿನಲ್ಲಿ ಅದನ್ನು ಯಾರೂ ಕೇಳಿಲ್ಲ" ಅಂದರು. ನನಗೆ ಬಹಳ ಸಂತೋಷವಾಯಿತು. ಒಳ್ಳೆಯ ಮನುಷ್ಯ ಅನ್ನುವುದರಿಂದ ಯಾವ ಅಪೀಲೂ ಗೆಲ್ಲುವುದಿಲ್ಲ. ಬೆಳಕಿನ ಪ್ರಶ್ನೆಯಿಂದ ಗೆಲ್ಲಬಹುದು. ಅದೇ ತೀರ್ಪಿನಲ್ಲಿ ಆ ಮನುಷ್ಯನಿಗೆ ವಿರುದ್ಧವಾದ ಅಂಶಗಳೂ ಇದ್ದವು. ಅವನ್ನೂ ಸಭೆಯಲ್ಲಿ ಹೇಳಲೇಬೇಕು ಅಂದೆ. ಮುಚ್ಚಿಟ್ಟರೆ ಜನ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ತೋರಿಸುವ ಕ್ರಮದ ಬಗ್ಗೆಯೂ ನನಗೆ ಗಟ್ಟಿ ಅಭಿಪ್ರಾಯ ಇದೆ. ಈ ಚಿತ್ರ ಇಂಗ್ಲಿಷಿನದು. ನಮ್ಮ ಕಡೆ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡುವವರೂ ಸಭೆಗೆ ಬರುತ್ತಾರೆ. ಅಲ್ಲಲ್ಲಿ ನಿಲ್ಲಿಸಿ ಸುಲಭ ಕನ್ನಡದಲ್ಲಿ ವಿವರಿಸುವವರು ಒಬ್ಬರು ಬೇಕು. ಮುಖ್ಯವಾಗಿ, ಗುಂಡು ಹೊಡೆಯುವ ದೃಶ್ಯ ಇದರಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಸ್ವಲ್ಪ ಬೇರೆ. ಒಬ್ಬೊಬ್ಬರು ಹೇಳಿದ ಕಥೆ ಹೇಗೆ ಕಾಣುತ್ತದೆ ಅಂತ ತೋರಿಸಲು ನಟರಿಂದ ಮಾಡಿಸಿದ್ದು ಅದು. ಟಿವಿಯ ಕ್ರೈಮ್ ಕಾರ್ಯಕ್ರಮ ನೋಡಿ ಅಭ್ಯಾಸವಾದವರು ಅದನ್ನೇ ನಡೆದದ್ದು ಅಂದುಕೊಳ್ಳುತ್ತಾರೆ. ಅಲ್ಲಿ ನಿಲ್ಲಿಸಿ ಹೇಳಿ: ಇದು ಸಾಕ್ಷಿಯ ಮಾತು, ನಿಜ ಇನ್ನೂ ಗೊತ್ತಿಲ್ಲ.

ಸತ್ತವರ ಮನೆಯವರನ್ನು ದಯವಿಟ್ಟು ಮರೆಯಬೇಡಿ. ಅವರೂ ಅದೇ ಊರಿನಲ್ಲಿ ಇದ್ದಾರೆ. ಪೋಸ್ಟರ್ ನೋಡಿ ವಿಷಯ ತಿಳಿಯುವ ಹಾಗೆ ಮಾಡುವುದು ಕ್ರೂರತನ. ಹಿರಿಯರೊಬ್ಬರನ್ನು ಕರೆದುಕೊಂಡು ಮೊದಲೇ ಹೋಗಿ, "ಅಮ್ಮಾ, ನಿಮ್ಮ ಮಗನ ಸಾವು ಸಣ್ಣದು ಅಂತ ನಾವು ಹೇಳ್ತಿಲ್ಲ, ನಿಜವಾಗಿ ಮಾಡಿದವನು ಯಾರು ಅನ್ನೋದೇ ನಮ್ಮ ಪ್ರಶ್ನೆ" ಅಂತ ಹೇಳಿ. ಅವರು ಬೈದರೆ ಬೈಸಿಕೊಳ್ಳಿ. ಜೈಲಿನಲ್ಲಿರುವವರ ಒಪ್ಪಿಗೆಯೂ ಅಷ್ಟೇ ಮುಖ್ಯ. ಆಡಮ್ಸ್ ಹೊರಬಂದ ಮೇಲೆ ಅವನ ಬದುಕಿನ ಕಥೆಯ ಹಕ್ಕು ಯಾರದು ಅಂತ ಅವನಿಗೂ ಮಾರಿಸ್‌ಗೂ ವ್ಯಾಜ್ಯವೇ ನಡೆಯಿತು. ಕೊನೆಗೆ ರಾಜಿಯಾಯಿತು.

ಇನ್ನು ಕಾನೂನು. ಚಿತ್ರದ ಹಕ್ಕು ಇರುವವರಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ. ಮನೆಯಲ್ಲಿ ನೋಡಲು ಕಟ್ಟಿದ ಚಂದಾ ಸಭಾಂಗಣಕ್ಕೆ ನಡೆಯುವುದಿಲ್ಲ. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸೆನ್ಸಾರ್ ಪ್ರಮಾಣಪತ್ರ ಬೇಕು, ಸಾಕ್ಷ್ಯಚಿತ್ರಕ್ಕೂ ಬೇಕು. ಟಿಕೆಟ್ ಇಲ್ಲ ಅನ್ನುವ ಕಾರಣಕ್ಕೆ ಅದು ತಪ್ಪುವುದಿಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಕಲಮು, ಪೂರ್ತಿ ತೀರ್ಮಾನವಾದ ಕೇಸಿನ ಬಗ್ಗೆ ನ್ಯಾಯವಾದ ಟೀಕೆ ಮಾಡಲು ಬಿಡುತ್ತದೆ. ಆದರೆ ಅಪೀಲು ಬಾಕಿ ಇದ್ದರೆ ಕೇಸು ಮುಗಿದಿಲ್ಲ ಅಂತಲೇ ಲೆಕ್ಕ. ಅದಕ್ಕೇ ಈ ಹುಡುಗರಿಗೆ ಜಾಸ್ತಿ ಎಚ್ಚರ ಹೇಳಿದೆ. ದಾಖಲೆಯಲ್ಲಿ ಇರುವುದನ್ನು ಓದಿ, ಪ್ರಶ್ನೆ ಕೇಳಿ. ನ್ಯಾಯಾಧೀಶರ ಉದ್ದೇಶದ ಬಗ್ಗೆ ಮಾತು ಬೇಡ. "ನಿಜವಾದ ಕೊಲೆಗಾರ ಇವನೇ" ಅಂತ ಇನ್ನೊಬ್ಬರ ಹೆಸರು ಹೇಳುವುದು ಬೇಡವೇ ಬೇಡ, ಇನ್ನೊಂದು ಅನ್ಯಾಯ ಶುರುವಾಗುವುದೇ ಅಲ್ಲಿ. ಅತ್ಯಾಚಾರದ ಕೇಸಾದರೆ ಸಂತ್ರಸ್ತೆಯ ಗುರುತು ಸಿಗುವ ಒಂದು ಸುಳಿವೂ ಇರಬಾರದು.

ಸಹಿ ಸಂಗ್ರಹದ ಪತ್ರವನ್ನು ಹೈಕೋರ್ಟಿಗೆ ಕಳಿಸಬೇಕು ಅಂತಿದ್ದರು. ಬೇಡ ಅಂದೆ. ಕೋರ್ಟಿಗೆ ಜನರ ಸಹಿ ಕಳಿಸುವುದು ಒತ್ತಡ ಹಾಕಿದಂತೆ. ಎಲ್ಲ ಅಪೀಲು ಮುಗಿದ ಮೇಲೆ ಸಂವಿಧಾನದ 161ನೇ ವಿಧಿಯಲ್ಲಿ ರಾಜ್ಯಪಾಲರಿಗೆ ಕ್ಷಮಾದಾನದ ಮನವಿ ಕೊಡುವಾಗ ಆ ಸಹಿಗಳಿಗೆ ಜಾಗ ಇದೆ.

ಸಭಾಂಗಣದ ಬಾಗಿಲಲ್ಲಿ ಒಂದು ಟೇಬಲ್ ಹಾಕಿ, ಕಾನೂನು ನೆರವಿನವರನ್ನು ಕೂರಿಸಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಸೆಷನ್ಸ್ ಕೋರ್ಟಿನ ಶಿಕ್ಷೆಯ ಮೇಲೆ ಹೈಕೋರ್ಟಿಗೆ ಹೋಗಲು 60 ದಿನ ಸಮಯ. ಮರಣದಂಡನೆಯಾದರೆ 30 ದಿನ. ಬಳ್ಳಾರಿ, ಕೊಪ್ಪಳದವರು ಧಾರವಾಡ ಪೀಠಕ್ಕೆ ಹೋಗಬೇಕು, ರಾಯಚೂರಿನವರು ಕಲಬುರಗಿ ಪೀಠಕ್ಕೆ. ಕೂಲಿ ಬಿಟ್ಟು ಅಷ್ಟು ದೂರ ಹೋಗಿ ವಕೀಲರನ್ನು ಹುಡುಕುವುದು ಸುಮ್ನೆ ಮಾತಲ್ಲ. ಎಷ್ಟೋ ಮನೆಗಳಲ್ಲಿ ಹೆಂಗಸರು ಅಷ್ಟರಲ್ಲೇ ಕೈಚೆಲ್ಲುತ್ತಾರೆ. ಅವರಿಗೆ ಯಾರೂ ಹೇಳದ ವಿಷಯ ಏನೆಂದರೆ, ಬಂಧನದಲ್ಲಿರುವ ಯಾರಿಗೇ ಆದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ, ಆದಾಯ ನೋಡುವುದಿಲ್ಲ. ಶಿಕ್ಷೆಯಾದವರಿಗೆ ತೀರ್ಪಿನ ನಕಲು ಉಚಿತವಾಗಿ ಕೊಡಬೇಕು. ಜೈಲಿನ ಅಧಿಕಾರಿಯ ಮೂಲಕವೇ ಅಪೀಲು ಹಾಕಬಹುದು. ಗಡುವು ಮೀರಿದ್ದರೂ ಸರಿಯಾದ ಕಾರಣ ಕೊಟ್ಟು ವಿಳಂಬ ಮನ್ನಿಸಿ ಎಂದು ಕೇಳಬಹುದು. ಸಹಾಯವಾಣಿಯ ನಂಬರ್ 15100.

ಕೊನೆಯದಾಗಿ, ಚಿತ್ರ ಮುಗಿದ ಮೇಲೆ ಯಾರಾದರೂ ಎದ್ದು, "ಆವತ್ತು ರಾತ್ರಿ ನಾನು ಅಲ್ಲೇ ಇದ್ದೆ" ಅಂದರೆ ಏನು ಮಾಡಬೇಕು ಅಂತ ಹುಡುಗರು ಕೇಳಿದರು. ಮೈಕ್ ಕೊಡಬೇಡಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಹಂಚಬೇಡಿ. ನೂರು ಜನರ ಮುಂದೆ ಹೇಳಿ, ಚಪ್ಪಾಳೆ ಗಿಟ್ಟಿಸಿದ ಮಾತನ್ನು ಸರ್ಕಾರಿ ವಕೀಲರು ಐದು ನಿಮಿಷದಲ್ಲಿ ಹರಿದು ಹಾಕುತ್ತಾರೆ. ಹಾಗೆ ಎದ್ದು ಹೇಳಿದವರಿಗೆ ಬೆದರಿಕೆಯೂ ಬರಬಹುದು. ಅವರನ್ನು ಪಕ್ಕಕ್ಕೆ ಕರೆದು, ಅಪೀಲು ನಡೆಸುತ್ತಿರುವ ವಕೀಲರ ಹತ್ತಿರ ಅವತ್ತೇ ಕಳಿಸಿ. ಅಪೀಲು ಬಾಕಿ ಇರುವಾಗ ಹೆಚ್ಚುವರಿ ಸಾಕ್ಷ್ಯ ತೆಗೆದುಕೊಳ್ಳುವ ಅಧಿಕಾರ ಹೈಕೋರ್ಟಿಗೆ ಇದೆ. ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಹಳೆಯ ಕಾಯ್ದೆ ಸಿಆರ್‌ಪಿಸಿಯಲ್ಲಿ 391ನೇ ಕಲಮು, ಅದರ ಬದಲು 2024ರ ಜುಲೈನಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್‌ನಲ್ಲಿ 432. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೋರ್ಟ್ ಖಂಡಿತ ಕೇಳುತ್ತದೆ. ಅದಕ್ಕೆ ಅವರು ಕೊಡುವ ಉತ್ತರವನ್ನು ಅಫಿಡವಿಟ್ಟಿನಲ್ಲಿ ಮೊದಲೇ ಬರೆಸಿ, ಅರ್ಜಿಯ ಜೊತೆ ಸೇರಿಸಿ.